ಬಚ್ಚಲಮನೆಯ ಎರಡು ಮೊಳೆ

ಉಲಿತಾಳ ಬಚ್ಚಲಮನೆ ಈರುಳ್ಳಿ ಮಡಿಗಳು ಮುಗಿಯುವಲ್ಲಿ, ಕೆರೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಅವಳ ಮಾವ ಕಟ್ಟಿದ್ದು. ಒಳಗೆ ಕಲ್ಲಿನ ಒಲೆ, ಹಬೆ, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟುಗಳು. ಅದಕ್ಕೂ ಮೊದಲು ಬಟ್ಟೆ ಬಿಚ್ಚಿಡುವ ಒಂದು ಪುಟ್ಟ ಕೋಣೆ. ಆ ಕೋಣೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಮೊಳೆ.

ನಮ್ಮೂರಲ್ಲಿ ಮಗು ಹುಟ್ಟಿ ನೀರಲ್ಲಿ ಅದ್ದಿದ ದಿನ ಕುತ್ತಿಗೆಗೆ ಬೀಳುವ ತಾಮ್ರದ ಶಿಲುಬೆ, ಎಂಟು ತುದಿಯದ್ದು, ಮಣ್ಣಿಗೆ ಹೋಗುವ ತನಕ ಅಲ್ಲೇ ಇರಬೇಕು. ಒಂದು ಗಳಿಗೆಯೂ ಬರಿ ಕುತ್ತಿಗೆಯಲ್ಲಿ ಇರುವಂತಿಲ್ಲ. ಆದರೆ ಶನಿವಾರದ ಹಬೆಯಲ್ಲಿ ತಾಮ್ರ ಕಾದು ಎದೆ ಸುಡುತ್ತದೆ. ಅದಕ್ಕೇ ಬಚ್ಚಲಿಗೆಂದು ಬೇರೆ, ಹೆಬ್ಬೆರಳಿನಷ್ಟು ಮರದ ಶಿಲುಬೆ. ಮೊದಲು ಮರದ್ದನ್ನು ಹಾಕಿಕೊಂಡು ಆಮೇಲೆ ತಾಮ್ರವನ್ನು ತೆಗೆದು ಮೊಳೆಗೆ ತೂಗುಹಾಕುವುದು, ಮಿಂದು ಬಂದ ಮೇಲೆ ಮೊದಲು ತಾಮ್ರ ಹಾಕಿಕೊಂಡು ಆಮೇಲೆ ಮರದ್ದನ್ನು ತೆಗೆದು ಪಕ್ಕದ ಮೊಳೆಗೆ ಹಾಕುವುದು. ಹೀಗಾಗಿ ಉಲಿತಾಳ ಗಂಡ ಫಿಲಾತನ ಆ ಎರಡು ಮೊಳೆಗಳಲ್ಲಿ ಯಾವಾಗ ನೋಡಿದರೂ ಒಂದು ತುಂಬಿರುತ್ತಿತ್ತು, ಒಂದು ಖಾಲಿ ಇರುತ್ತಿತ್ತು. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಅವನು ಒಂದು ಶನಿವಾರವೂ ಇದನ್ನು ಮರೆತವನಲ್ಲ.

ಕೆರೆ ಅಂದೆ. ಆಚೆ ದಡ ಕಣ್ಣಿಗೆ ಬೀಳದಷ್ಟು ದೊಡ್ಡದು. ನಕಾಶೆಯಲ್ಲಿ ಅದಕ್ಕೆ ಪೆಯ್ಪ್ಸಿ ಅಂತ ಒಂದು ಹೆಸರು, ಚುದ್‌ಸ್ಕೊಯೆ ಅಂತ ಇನ್ನೊಂದು. ನಮಗೆ ಕೆರೆ, ಅಷ್ಟೇ. ಅಗಲ ನೋಡಿದವರು ಆಳವೂ ಹಾಗೇ ಇರಬೇಕೆಂದು ಹೆದರುತ್ತಾರೆ. ಬಹುಪಾಲು ಕಡೆ ನಾಲ್ಕಾಳು ನೀರಿದ್ದರೆ ಹೆಚ್ಚು. ಆಳ ಇಲ್ಲದ್ದರಿಂದಲೇ ಅದಕ್ಕೆ ಮೂಗಿನ ತುದಿಯಲ್ಲಿ ಕೋಪ. ಪಡುವಣ ಗಾಳಿ ಎರಡು ದಿನ ಬೀಸಿದರೆ ನೀರೆಲ್ಲ ಆಚೆ ದಡಕ್ಕೆ ಹೋಗಿ ನಮ್ಮ ದೋಣಿಗಳು ಕೆಸರಲ್ಲಿ ಕೂರುತ್ತವೆ, ಗಾಳಿ ತಿರುಗಿದರೆ ಅದೇ ನೀರು ಮಡಿಗಳವರೆಗೆ ಬರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಹೆಪ್ಪುಗಟ್ಟಿರುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಇದರ ಹಿಮದ ಮೇಲೆ ಯುದ್ಧ ನಡೆಯಿತಂತೆ, ಅದು ಎಲ್ಲಿ ಅಂತ ಕೇಳಿಕೊಂಡು ಓದಿದವರು ಬರುತ್ತಾರೆ. ಅವರು ಬೆರಳು ತೋರಿಸಿದ ಕಡೆಗೆ ನಾವೂ ತೋರಿಸಿ ಕಳಿಸುತ್ತೇವೆ.

ನಮ್ಮ ಹಿರೀಕರು ಯುದ್ಧಕ್ಕೆ ಬಂದವರಲ್ಲ. ಮುನ್ನೂರು ವರ್ಷದ ಹಿಂದೆ ಪೂಜೆಯ ಕ್ರಮ ಬದಲಿಸಿ ಅಂತ ದೊರೆ ಮತ್ತು ದೊಡ್ಡ ಪಾದ್ರಿ ಹೇಳಿದಾಗ ಆಗುವುದಿಲ್ಲ ಅಂದು, ಪುಸ್ತಕ ಶಿಲುಬೆ ಗಂಟು ಕಟ್ಟಿಕೊಂಡು ಇಲ್ಲಿಗೆ ಓಡಿಬಂದರು. ಪಾದ್ರಿಗಳನ್ನೂ ಬಿಟ್ಟರು. ಊರಿಗೊಬ್ಬ ಓದುವ ಹಿರಿಯ, ಒಂದು ಪ್ರಾರ್ಥನೆ ಮನೆ, ತಿನ್ನಲು ಬೆರಳುದ್ದದ ಸ್ನೆತೊಕ್ ಮೀನು, ಬೆಳೆಯಲು ಈರುಳ್ಳಿ. ನಮ್ಮವರಲ್ಲದವರಿಗೆಲ್ಲ ನಮ್ಮ ಬಾಯಲ್ಲಿ ಒಂದೇ ಹೆಸರು: ಲೋಕದವರು. ಲೋಕದವರು ಮನೆಗೆ ಬಂದರೆ ಚಹಾ ಕೊಡುತ್ತೇವೆ, ಊಟವನ್ನೂ ಹಾಕುತ್ತೇವೆ, ಆದರೆ ಬಟ್ಟಲು ಬೇರೆ. ಅದು ನಮ್ಮ ಬಟ್ಟಲುಗಳ ಜೊತೆ ಸೇರುವಂತಿಲ್ಲ.

ಈ ವಿಷಯದಲ್ಲಿ ಉಲಿತಾಳನ್ನು ಮೀರಿಸಿದವರು ಊರಲ್ಲಿರಲಿಲ್ಲ. ಅವಳ ಮನೆಯ ಲೋಕದ ಬಟ್ಟಲು ನೀಲಿ ಅಂಚಿನದು, ಬಾಗಿಲ ಪಕ್ಕದ ಗೂಡಿನಲ್ಲಿ ಒಂಟಿಯಾಗಿ ಕೂತಿರುತ್ತಿತ್ತು. ಅದನ್ನು ತೊಳೆಯುವ ಬಟ್ಟೆಯೂ ಬೇರೆ. ಮಗಳು ತೈಸಿಯಾ ಚಿಕ್ಕವಳಿದ್ದಾಗ ಶಾಲೆಯ ಗೆಳತಿಯೊಬ್ಬಳಿಗೆ ತನ್ನ ಬಟ್ಟಲಲ್ಲಿ ಹಾಲು ಕೊಟ್ಟಳೆಂದು ಉಲಿತಾ ಆ ಬಟ್ಟಲನ್ನೇ ಒಯ್ದು ಕೆರೆಗೆ ಎಸೆದಿದ್ದಳು. ಫಿಲಾತ್ ನಗುತ್ತಿದ್ದ.

"ಲೇ ಉಲಿತಾ, ಕೆರೆ ಲೋಕದ್ದಾ ನಮ್ದಾ? ಮೊದಲು ಅದನ್ನ ಹೇಳು. ಎರಡೂ ಕಡೆಯವ್ರು ಒಂದೇ ನೀರು ಕುಡೀತಾರಲ್ಲೇ."

"ನೀವು ಸುಮ್ನಿರಿ. ನಿಮ್ಮಂಥೋರು ನಾಲ್ಕು ಜನ ಇದ್ದಿದ್ರೆ ನಮ್ಮ ತಾತಂದಿರು ದೊರೆ ಹೇಳಿದ ಹಾಗೆ ಅಲ್ಲೇ ಗಡ್ಡ ಬೋಳಿಸ್ಕೊಂಡು ಇರ್ತಿದ್ರು."

ಫಿಲಾತ್ ಅಂಥವನು. ಮಾತಿಗೆ ನಗು, ಕೆಲಸಕ್ಕೆ ಕೈ. ಸೋವಿಯತ್ ಕಾಲದಲ್ಲಿ ಸಾಮೂಹಿಕ ಮೀನುಗಾರಿಕೆಯ ದೋಣಿಯಲ್ಲಿದ್ದ. ಅದು ಮುಚ್ಚಿದ ಮೇಲೆ ಸ್ವಂತ ದೋಣಿ, ಸ್ವಂತ ಬಲೆ. ಚಳಿಗಾಲಕ್ಕೆ ಹಳೆಯ ಮೋಟಾರ್ ಸೈಕಲ್ ಎಂಜಿನ್ನಿಗೆ ಲಾರಿ ಟೈರಿನ ಟ್ಯೂಬುಗಳನ್ನು ಕಟ್ಟಿ ಹಿಮದ ಮೇಲೆ ಓಡುವ ಗಾಡಿಯೊಂದನ್ನು ತಾನೇ ಮಾಡಿಕೊಂಡಿದ್ದ. ಅದರ ಸದ್ದಿಗೆ ಊರ ನಾಯಿಗಳೆಲ್ಲ ಹುಚ್ಚೆದ್ದು ಬೊಗಳುತ್ತಿದ್ದವು. ಉಲಿತಾ ಅವನನ್ನು ಬೈಯುತ್ತ ಬದುಕಿದಳು, ಅವನಿಲ್ಲದೆ ಒಂದು ದಿನ ಇರಲಾರಳು ಅಂತ ಊರಿಗೆಲ್ಲ ಗೊತ್ತಿತ್ತು.

ಇಷ್ಟರಲ್ಲಿ ಸೋವಿಯತ್ ದೇಶ ಒಡೆಯಿತು, ನಮ್ಮ ದಡ ಎಸ್ಟೋನಿಯಾ, ಆಚೆಯದು ರಷ್ಯಾ. ಕೆರೆಯ ನಡುವೆ ಗೆರೆ ಬಂತು. ಉಲಿತಾಳ ತಾಯಿಯ ಕಾಲದಲ್ಲೂ ಒಮ್ಮೆ ಅಲ್ಲಿ ಗೆರೆ ಇತ್ತಂತೆ, ಯುದ್ಧ ಬಂದು ಅಳಿಸಿತು, ಈಗ ಮತ್ತೆ ಎಳೆದರು. ನೀರಿನ ಮೇಲೆ ಗೆರೆ ಎಳೆದರೆ ಮೀನಿಗೇನು, ಗಾಳಿಗೇನು! ನಮಗೆ ಮಾತ್ರ ಆಚೆ ದಡ ಪರದೇಶವಾಯಿತು.

ಗೆರೆ ಬಂದ ಮೇಲಿನ ನಾಲ್ಕನೆಯ ಮಾರ್ಚ್ ತಿಂಗಳು, ಒಂದು ಶನಿವಾರ ಮಧ್ಯಾಹ್ನ. ಫಿಲಾತ್ ಬಚ್ಚಲಿನಲ್ಲಿ ಎರಡು ಸುತ್ತು ಹಬೆ ಹಿಡಿದು, ಹೊರಗಿನ ಕೋಣೆಯ ಬೆಂಚಿನ ಮೇಲೆ ಬೆವರು ಆರಿಸಿಕೊಳ್ಳುತ್ತ ಕೂತಿದ್ದ. ಉಲಿತಾ ಮನೆಯಲ್ಲಿ ಮೀನಿನ ಕಡುಬನ್ನು ಒಲೆಯೊಳಗೆ ಇಡುತ್ತಿದ್ದಳು. ಪಕ್ಕದ ಮನೆಯ ಸಾಜೊನ್ ಮಡಿಗಳನ್ನು ತುಳಿದುಕೊಂಡೇ ಓಡಿಬಂದ.

"ಫಿಲಾತಣ್ಣಾ, ಹಿಮ ಕಿತ್ಕೊಂಡು ಹೋಯ್ತು! ಪಟ್ಟಣದವ್ರು ಹನ್ನೊಂದು ಜನ ಅದರ ಮೇಲೇ ಇದಾರೆ!"

ಪ್ರತಿ ವರ್ಷವೂ ಇದೇ ಗೋಳು. ಪಟ್ಟಣದಿಂದ ಗಾಳ ಹಿಡಿದು ಬರುವವರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುವ ರೂಢಿ ಇಲ್ಲ. ಪಡುವಣ ಗಾಳಿಗೆ ದಡದ ಬಳಿ ಬಿರುಕು ಬಿಟ್ಟು, ಇಡೀ ಹಿಮದ ಹಾಸು ಅವರನ್ನು ಹೊತ್ತುಕೊಂಡು ಆಚೆ ದಡದ ಕಡೆ ಸಾಗಿತ್ತು. ಫಿಲಾತ್ ಅಂಗಿ ಸಿಕ್ಕಿಸಿ, ಹತ್ತಿಯ ಕೋಟು ಏರಿಸಿ, ಉಣ್ಣೆಯ ಬೂಟಿಗೆ ಕಾಲು ತೂರಿಸುತ್ತಲೇ ಓಡಿದ. ಮನೆಯ ಕಿಟಕಿ ಹಾಯುವಾಗ ಗಾಜು ತಟ್ಟಿದ.

"ಕಡುಬು ಸುಡಬೇಡ್ವೇ. ಈಗ ಬಂದೆ."

ಎರಡು ಸಲ ದೋಣಿ ಹಾಕಿ ಏಳು ಜನರನ್ನು ತಂದು ದಡಕ್ಕಿಳಿಸಿದ. ಮೂರನೆಯ ಸಲ ಹೋಗುವಾಗ ಗಾಳಿ ತಟ್ಟನೆ ನಿಂತು ತಿರುಗಿತು. ದೂರ ಹೋಗಿದ್ದ ಹಾಸು ಹಿಂದಕ್ಕೆ ಬಂತು. ದಡದಲ್ಲಿ ದೋಣಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ ಸಾಜೊನ್ ಕಣ್ಣಾರೆ ಕಂಡ: ಎರಡು ಹಿಮದಂಚುಗಳ ನಡುವೆ ದೋಣಿ ಸಿಕ್ಕಿ ಒಡೆಯಿತು, ಹಗ್ಗ ಸಡಿಲವಾಯಿತು. ಉಳಿದ ನಾಲ್ವರನ್ನು ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಅದು ಅರ್ಧ ಗಂಟೆ ಮುಂಚೆ ಬಂದಿದ್ದರೆ ಅಂತ ಇವತ್ತಿಗೂ ಹೇಳಿಕೊಳ್ಳುತ್ತೇವೆ.

ಬಚ್ಚಲಮನೆಯ ಒಲೆ ತಾನಾಗಿಯೇ ಆರಿತು. ಮಾರನೆಯ ದಿನ ಉಲಿತಾ ಅದರ ಕದವನ್ನು ಹೊರಗಿನಿಂದಲೇ ಎಳೆದು ಅಗಳಿ ಹಾಕಿದಳು. ಒಳಗೆ ಕಾಲಿಡುವ ಧೈರ್ಯ ಅವಳಿಗಿರಲಿಲ್ಲ. ಅಂದಿನಿಂದ ಶನಿವಾರದ ಸ್ನಾನಕ್ಕೆ ಸಾಜೊನನ ಮನೆಗೆ ಹೋಗತೊಡಗಿದಳು.

ಓದುವ ಹಿರಿಯ ನಿಫೊಂತ್ ಅವಳಿಗೆ ಸಮಾಧಾನ ಹೇಳಿದರು. "ಹಿಮ ಕರಗ್ಲಿ ತಾಯಿ. ಆಳ ಇಲ್ಲದ ಕೆರೆ ನಮ್ದು, ಯಾರನ್ನೂ ಇಟ್ಕೊಳ್ಳಲ್ಲ. ಅವನು ಸಿಗ್ತಾನೆ. ಮಣ್ಣು ಮಾಡೋಣ, ಸತ್ತವರ ಪ್ರಾರ್ಥನೆ ಕ್ರಮವಾಗಿ ಓದೋಣ."

ಅವಳಿಗೆ ಬೇಕಾಗಿದ್ದುದು ಅಷ್ಟೇ. ಗಂಡ ಹೋದ, ಅದಕ್ಕೆ ಅಳುತ್ತಿದ್ದಳು. ಆದರೆ ಅವನು ಓದಿಸಿಕೊಳ್ಳದೆ, ನಮ್ಮವರ ನಡುವೆ ಮಲಗದೆ ಹೋಗಬಾರದು. ಸತ್ತಾಗ ಉಡಿಸಲೆಂದು ಇಬ್ಬರಿಗೂ ತಾನೇ ಹೊಲಿದಿಟ್ಟಿದ್ದ ಬಿಳಿ ಬಟ್ಟೆಯ ಎರಡು ಗಂಟುಗಳಲ್ಲಿ ಅವನದನ್ನು ಹೊರತೆಗೆದು, ಒಗೆದು, ಮಡಿಸಿ ಕಾದಳು. ಏಪ್ರಿಲ್ ಕೊನೆಯಲ್ಲಿ ಹಿಮ ಕರಗಿತು. ದಿನಾ ದಡದುದ್ದಕ್ಕೂ ಜೊಂಡಿನೊಳಗೆ ನಡೆದಳು. ಏನೂ ಸಿಗಲಿಲ್ಲ.

ಗಡಿ ಕಾವಲು ಕಚೇರಿಯಿಂದ ಕಾಲ್ಯು ಎಂಬ ಎಸ್ಟೋನಿಯನ್ ಮಾತಿನ ಯುವಕ ಬಂದ, ಆಚೆ ಕಡೆಗೆ ಕಳಿಸಲು ಗುರುತು ಬರೆದುಕೊಳ್ಳಲೆಂದು. ಉಲಿತಾ ಅವನಿಗೆ ನೀಲಿ ಅಂಚಿನ ಬಟ್ಟಲಲ್ಲಿ ಚಹಾ ಇಟ್ಟಳು. ಮುರುಕು ರಷ್ಯನ್ನಿನಲ್ಲಿ ಅವನು ಕೇಳಿದ.

"ಬಟ್ಟೆ ಏನಿತ್ತಮ್ಮ?"

"ಹತ್ತಿ ಕೋಟು, ಉಣ್ಣೆ ಬೂಟು. ಎಲ್ಲರ್ದೂ ಅದೇ ತಾನೆ."

"ಮೈಮೇಲೆ ಗಾಯ, ಮಚ್ಚೆ?"

"ಏನಿಲ್ಲ. ಬರ್ಕೊಳಪ್ಪ, ಕುತ್ತಿಗೇಲಿ ಎಂಟು ತುದಿಯ ತಾಮ್ರದ ಶಿಲುಬೆ. ಅದೊಂದೇ ಗುರುತು ಸಾಕು. ಅದಿದ್ರೆ ನಮ್ಮವರು. ಅದಿಲ್ದಿದ್ರೆ ಅಲ್ಲ."

ಕಾಲ್ಯು ಹಾಗೇ ಬರೆದುಕೊಂಡ. ಓದಿ ಹೇಳಿ, ಸಹಿ ಹಾಕಿಸಿಕೊಂಡ.

ಜೂನ್ ತಿಂಗಳಲ್ಲಿ ಮತ್ತೆ ಬಂದ. ಆಚೆ ದಡದ ಪೊದ್ಬೊರ್ಯೆ ಎಂಬ ಹಳ್ಳಿಯ ಹತ್ತಿರ ಒಂದು ಗಂಡಸಿನ ಹೆಣ ಸಿಕ್ಕಿದೆ, ಐವತ್ತು ದಾಟಿದ ವಯಸ್ಸು, ಹತ್ತಿ ಕೋಟು, ಮುಖ ಗುರುತು ಸಿಗುವಂತಿಲ್ಲ. ತಾಮ್ರದ ಶಿಲುಬೆ ಇಲ್ಲ ಅಂತ ಬರೆದಿದ್ದಾರೆ. ಬಂದು ನೋಡುವುದಾದರೆ ಅಪ್ಪಣೆ ಚೀಟಿ ಮಾಡಿಸಿಕೊಡುತ್ತೇನೆ ಅಂದ.

ತೈಸಿಯಾ ತಾಯಿಯ ಕೈ ಹಿಡಿದುಕೊಂಡಳು. "ಅಮ್ಮಾ, ಒಂದ್ಸಲ ಹೋಗಿ ನೋಡ್ಬಿಡೋಣಮ್ಮ. ದಾರ ಕಿತ್ತು ಹೋಗಿರ್ಬಹುದಲ್ವಾ."

"ಆ ದಾರ ನಾನು ಹೊಸೆದಿದ್ದು. ಬಲೆ ದಾರ. ಅದು ಕೀಳಲ್ಲ." ಉಲಿತಾ ಕಡ್ಡಿ ಮುರಿದ ಹಾಗೆ ಹೇಳಿದಳು. "ಬರಿ ಕುತ್ತಿಗೆಯವನು ನಮ್ಮನೆಯವರಲ್ಲ. ಯಾವನೋ ಲೋಕದವನನ್ನ ತಂದು ನಮ್ಮತ್ತೆ ಮಾವನ ಪಕ್ಕ ಮಲಗಿಸ್ಲಾ? ಬೇಡ ಅಂತ ಬರ್ಕೊಳಪ್ಪ."

ಕಾಲ್ಯು ಬೇಡ ಅಂತ ಬರೆದ. ಅವನು ಹೋದ ಮೇಲೆ ಅವಳು ನೀಲಿ ಬಟ್ಟಲನ್ನು ಅದರ ಬಟ್ಟೆಯಲ್ಲೇ ಒರೆಸಿ ಗೂಡಿನಲ್ಲಿಟ್ಟಳು.

ಅವಳನ್ನು ಬೈಯುವುದು ಸುಲಭ. ನಾವೂ ಬೈದಿದ್ದೇವೆ. ಆದರೆ ಅಂದು ಅವಳ ಜಾಗದಲ್ಲಿ ನಮ್ಮೂರಿನ ಯಾವ ಹೆಂಗಸಿದ್ದರೂ ಅದನ್ನೇ ಹೇಳುತ್ತಿದ್ದಳು. ಶಿಲುಬೆ ಇಲ್ಲದ ಫಿಲಾತನನ್ನು ಊಹಿಸಿಕೊಳ್ಳಲು ನಮಗೆ ಯಾರಿಗೂ ಸಾಧ್ಯವಿರಲಿಲ್ಲ. ಶನಿವಾರ ಅಂತ ಯಾರಿಗೂ ನೆನಪಾಗಲಿಲ್ಲ, ಅವನು ಬಚ್ಚಲಿನಿಂದ ಎದ್ದು ಓಡಿದ್ದನ್ನು ಕಣ್ಣಾರೆ ಕಂಡಿದ್ದ ಸಾಜೊನನಿಗೂ ಹೊಳೆಯಲಿಲ್ಲ.

ಅದಾಗಿ ಒಂದು ವರ್ಷ ಕಳೆದು ಬಂದ ಸೆಪ್ಟೆಂಬರ್ ಪೂರ್ತಿ ಮಳೆ. ಕಿತ್ತ ಈರುಳ್ಳಿ ಒಣಗದೆ ಕೊಳೆಯತೊಡಗಿತು. ಮನೆಯ ಒಲೆಯ ಸುತ್ತ, ಅಟ್ಟದಲ್ಲಿ, ಮಂಚದ ಕೆಳಗೆ ಎಲ್ಲ ಕಡೆ ಈರುಳ್ಳಿಯೇ. ಇನ್ನು ಜಾಗವಿಲ್ಲದಾಗ ತೈಸಿಯಾ ಹೆದರಿಕೊಂಡೇ ಕೇಳಿದಳು.

"ಬಚ್ಚಲಮನೆ ಒಲೆ ಹಚ್ಚೋಣ್ವಾ ಅಮ್ಮ? ಎರಡು ದಿನ ಬೆಚ್ಚಗಿದ್ರೆ ಸಾಕು, ಉಳಿದಿದ್ದೆಲ್ಲ ಒಣಗತ್ತೆ."

ಉಲಿತಾ ಕೈಲಿದ್ದ ಜಡೆಯನ್ನು ಹೆಣೆದು ಮುಗಿಸಿದಳು. ಆಮೇಲೆ ಹೆಣೆದ ಈರುಳ್ಳಿಯ ಜಡೆಗಳನ್ನು ಎರಡೂ ಹೆಗಲಿಗೆ ಹಾಕಿಕೊಂಡು ತಾನೇ ಹೋಗಿ ಅಗಳಿ ತೆಗೆದಳು. ಒಳಗೆ ಇಲಿ ಕಡಿದ ಬರ್ಚ್ ಸೊಪ್ಪು ಉದುರಿಬಿದ್ದಿತ್ತು. ಬೆಂಚಿನ ಮೇಲೆ ರೊಟ್ಟಿ ಹುಳಿಸಿ ಮಾಡುವ ಕ್ವಾಸ್ ಪಾನಕವನ್ನು ಅರ್ಧ ಕುಡಿದಿಟ್ಟ ಚೆಂಬು, ತಳದಲ್ಲಿ ಒಣಗಿ ಕರಿಯಾಗಿತ್ತು. ಮೊದಲ ಜಡೆಯನ್ನು ತೂಗುಹಾಕಲೆಂದು ಗೋಡೆಯ ಮೊಳೆಗೆ ಕೈ ಚಾಚಿದಳು. ಕೈಗೆ ತಣ್ಣನೆಯದೇನೋ ತಗುಲಿತು.

ತಾಮ್ರ ಹಸಿರುಗಟ್ಟಿತ್ತು. ದಾರ ಅವಳು ಹೊಸೆದದ್ದೇ, ಬಲೆಯ ದಾರ, ಒಂದು ಎಳೆಯೂ ಸಡಿಲವಾಗಿರಲಿಲ್ಲ. ಪಕ್ಕದ ಮೊಳೆ ಖಾಲಿ.

ಎಷ್ಟು ಹೊತ್ತಾದರೂ ತಾಯಿ ಬರಲಿಲ್ಲವೆಂದು ತೈಸಿಯಾ ಹೋಗಿ ನೋಡಿದಾಗ ಉಲಿತಾ ನೆಲದ ಮೇಲೆ, ಈರುಳ್ಳಿಯ ನಡುವೆ ಕೂತಿದ್ದಳು.

"ಮರದ್ದು ಹಾಕ್ಕೊಂಡು ಹೋಗಿದ್ರು ಕಣೇ," ಅಂದಳು. "ಬರಿ ಕುತ್ತಿಗೆ ಇರ್ಲಿಲ್ಲ. ಮರದ್ದಿತ್ತು. ನಾನು ತಾಮ್ರ ಕೇಳ್ದೆ. ಬಂದಿದ್ರಲ್ಲೇ ಅವ್ರು, ಬಾಗಿಲ ತನಕ ಬಂದಿದ್ರಲ್ಲೇ, ನಾನೇ ಬೇಡ ಅಂದೆ." ಎದೆಗೆ ಗುದ್ದಿಕೊಂಡು ಅಳತೊಡಗಿದಳು. ಸಾಜೊನನ ಮನೆಯವರೆಗೂ ಕೇಳಿಸಿತು. ಗಂಡ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅಪ್ಪಣೆ ಚೀಟಿಗೆ ಇಡೀ ಚಳಿಗಾಲ ಹಿಡಿಯಿತು. ಕಾಲ್ಯು ಪಾಪ ಓಡಾಡಿ ಮಾಡಿಸಿಕೊಟ್ಟ. ಜೂನ್‌ನಲ್ಲಿ ತಾಯಿ ಮಗಳು ಹೊರಟರು. ನೀರಿನ ಮೇಲೆ ನೇರ ಹೋದರೆ ದೋಣಿಯಲ್ಲಿ ಮೂರು ಗಂಟೆಯ ದಾರಿ. ಈಗ ಹಾಗೆ ಹೋಗುವಂತಿಲ್ಲ. ಕೆರೆಯ ದಕ್ಷಿಣ ತುದಿ ಬಳಸಿ, ಎರಡು ದೇಶದ ಕಾವಲುಕಟ್ಟೆ ದಾಟಿ, ಮೂರು ಬಸ್ಸು ಬದಲಿಸಿ ಎರಡನೆಯ ದಿನ ಪೊದ್ಬೊರ್ಯೆ ಮುಟ್ಟಿದರು. ಉಲಿತಾಳ ಮಡಿಲಲ್ಲಿ ಫಿಲಾತನ ಬಿಳಿ ಬಟ್ಟೆಯ ಗಂಟು. ಕುತ್ತಿಗೆಯಲ್ಲಿ ತನ್ನ ಶಿಲುಬೆಯ ಜೊತೆಗೆ ಅವನ ತಾಮ್ರ.

ಆ ಊರಲ್ಲಿ ಸತ್ತವರನ್ನು ಮೀಯಿಸುವವಳು ಮಾವ್ರಾ ಎಂಬ ಮುದುಕಿ. ನಮ್ಮ ಮತದವಳೇ, ತಲೆವಸ್ತ್ರವನ್ನು ನಮ್ಮಂತೆಯೇ ಗದ್ದದ ಕೆಳಗೆ ಪಿನ್ನು ಹಾಕಿಕೊಂಡಿದ್ದಳು. ಉಲಿತಾ ಕುತ್ತಿಗೆಯಿಂದ ತಾಮ್ರ ಹೊರತೆಗೆದು ತೋರಿಸಿದಳು. ಮಾವ್ರಾ ಅದನ್ನು ನೋಡಿದಳು, ಅವಳ ಮುಖ ನೋಡಿದಳು.

"ಬಂದ್ಯಾ," ಅಂದಳು. "ಎರಡು ವರ್ಷ ಆಯ್ತಲ್ಲೇ ಯಮ್ಮ."

"ಮರದ್ದು ಇತ್ತಾ?"

"ಇತ್ತು. ಇಷ್ಟೇ ಇಷ್ಟು, ಸೋಪಿನ ನೀರು ಕುಡಿದು ಬೆಳ್ಳಗಾಗಿದ್ದು. ನಾನು ನೋಡಿದ ತಕ್ಷಣ ಪೊಲೀಸಿನವನಿಗೆ ಹೇಳ್ದೆ, ಇವನು ನಮ್ಮವನು ಕಣಪ್ಪಾ, ಬಚ್ಚಲಿಂದ ಎದ್ದು ಬಂದವನು, ಆ ದಡದಲ್ಲಿ ಯಾವಳೋ ಒಬ್ಬಳು ಇವನ ತಾಮ್ರ ಇಟ್ಕೊಂಡು ಕೂತಿರ್ತಾಳೆ ಅಂತ. ಅವನೇನು ಮಾಡ್ತಾನೆ, ಕಾಗದದಲ್ಲಿ ತಾಮ್ರ ಅಂತ ಬರ್ದಿತ್ತು. ತಾಮ್ರ ಇಲ್ಲ ಅಂತ ಅವನೂ ಬರ್ದ. ನಿಮ್ಮ ಕಡೆಯಿಂದ ಬೇಡ ಅಂತ ಬಂತು."

ಉಲಿತಾ ತಾಮ್ರವನ್ನು ಮತ್ತೆ ಅಂಗಿಯೊಳಗೆ ಇಳಿಬಿಟ್ಟಳು. "ಓದಿದ್ರಾ?"

"ಹೆಸರು ಗೊತ್ತಿಲ್ದೆ ಏನಂತ ಓದೋದು? ಮೀಯಿಸ್ದೆ. ಮರದ್ದನ್ನ ಕುತ್ತಿಗೇಲೇ ಬಿಟ್ಟೆ. ಅಷ್ಟೇ ನನ್ನ ಕೈಲಾಗಿದ್ದು."

ಗೋರಿಗಳು ಕೆರೆಯ ಏರಿಯ ಮೇಲಿದ್ದವು. ನೀರಿಗೆ ಹತ್ತಿರದ ಮೂಲೆಗೆ ಮಾವ್ರಾ ಅವರನ್ನು ಕರೆದೊಯ್ದಳು. ಹೆಸರಿಲ್ಲದವರನ್ನು ಅಲ್ಲಿ ಹೂಳುತ್ತಿದ್ದರು. ಫಿಲಾತ್ ಹೋದ ವರ್ಷ ಕೆರೆ ತಂದುಹಾಕಿದವರು ಮೂವರು, ಮೂವರೂ ಗಂಡಸರು. ಒಬ್ಬೊಬ್ಬರ ತಲೆಯ ಬಳಿ ಅಂಕೆ ಬರೆದ ಗೂಟ ನೆಟ್ಟಿದ್ದರು. ಹೋದ ತಿಂಗಳವರೆಗೂ ಗೂಟಗಳಿದ್ದವು. ಈ ಸಲ ಮೇ ತಿಂಗಳಲ್ಲಿ ತಡವಾಗಿ ಹಿಮ ಒಡೆಯುವ ಹೊತ್ತಿಗೆ ಪಡುವಣ ಗಾಳಿ ಬಿರುಸಾಗಿ ಬೀಸಿತು. ನಮ್ಮ ಕಡೆಯ ಹಿಮವನ್ನೆಲ್ಲ ತಳ್ಳಿಕೊಂಡು ಬಂದು ಆ ದಡಕ್ಕೆ ಮನೆಯೆತ್ತರ ಒಟ್ಟಿತು. ಒಟ್ಟಿದ ಹಿಮ ಏರಿ ಹತ್ತಿ ಮೂಲೆಯನ್ನೆಲ್ಲ ಕೆರೆದು ಹಾಕಿತು. ಗೂಟ ಹೋದವು, ಮಣ್ಣಿನ ಗುಪ್ಪೆಗಳೂ ಸಪಾಟಾದವು. ಊರವರು ಮತ್ತೆ ಅಂದಾಜಿನ ಮೇಲೆ ಮೂರು ಗುಪ್ಪೆ ಏರಿಸಿದ್ದರು.

"ಇದರಲ್ಲಿ ಯಾವುದು?" ಉಲಿತಾ ಕೇಳಿದಳು.

"ಮೂರರಲ್ಲಿ ಒಂದು. ಯಾವ್ದು ಅಂತ ಕೇಳ್ಬೇಡ. ಸುಳ್ಳು ಹೇಳಿ ಒಂದನ್ನ ತೋರಿಸ್ಬಹುದಿತ್ತು, ನನಗೆ ಹಾಗೆ ಆಗಲ್ಲ."

ಒಂದು ತಿಂಗಳು ತಡವಾಗಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಗೂಟವಿತ್ತು, ಅಂಕೆಯಿತ್ತು. ಆಗ ಬಾ ಅಂತ ಕರೆದಿದ್ದರು ಕೂಡ. ಉಲಿತಾ ಒಂದೊಂದೇ ಗುಪ್ಪೆಯ ಮೇಲೆ ಅಂಗೈ ಊರಿ ಕೂತಳು, ಮೂರನ್ನೂ ಮುಟ್ಟಿ ನೋಡಿದಳು. ಯಾವುದೂ ಏನೂ ಹೇಳಲಿಲ್ಲ.

"ಅಗೆಸೋಣ," ಅಂದಳು. "ಮರದ ಶಿಲುಬೆ ಇರೋದು ನಮ್ಮವರು. ಅಗೆದು ನೋಡಿದ್ರೆ ಗೊತ್ತಾಗತ್ತೆ. ಮಿಕ್ಕವರನ್ನ ಮುಚ್ಚಿಬಿಡೋಣ."

ಮಾವ್ರಾ ಅವಳ ಮುಂದೆ ಬಂದು ನಿಂತಳು.

"ಹೋದ ಸಲ ಒಬ್ಬನನ್ನ ಬೇಡ ಅಂದೆ. ಈ ಸಲ ಇಬ್ಬರನ್ನ ಬೇಡ ಅಂತೀಯಾ? ಮೂವರನ್ನೂ ಮೀಯಿಸಿದ ಕೈ ಕಣೇ ಇದು. ಮೂವರಿಗೂ ಎಲ್ಲೋ ಒಬ್ಬಳು ಕಾಯ್ತಿರ್ತಾಳೆ. ಅವರು ಬರ್ಲಿಲ್ಲ. ನೀನು ಬಂದಿದೀಯ. ಬೇಕಾದ್ರೆ ಮೂವರಿಗೂ ಅಳು, ಇಲ್ಲಾಂದ್ರೆ ಎದ್ದು ಹೋಗು."

ತೈಸಿಯಾಳಿಗೆ ಮುದುಕಿಯ ಮೇಲೆ ಸಿಟ್ಟು ಬಂತು. ಉಲಿತಾಳಿಗೆ ಬರಲಿಲ್ಲ. ಅವಳು ಸಂಜೆಯವರೆಗೆ ಅಲ್ಲೇ ಕೂತಿದ್ದಳು. ಹೊರಡುವಾಗ ಬಿಳಿ ಬಟ್ಟೆಯ ಗಂಟು ಬಿಚ್ಚಿ, ಉದ್ದನೆಯ ಅಂಗಿಯನ್ನು ಹಲ್ಲಿನಿಂದ ಕಚ್ಚಿ ಮೂರು ಪಾಲಾಗಿ ಹರಿದಳು. ಒಂದೊಂದು ಗುಪ್ಪೆಯ ತಲೆಯ ಕಡೆ ಕೈಯಲ್ಲೇ ಮಣ್ಣು ತೋಡಿ ಒಂದೊಂದು ಪಾಲನ್ನು ಹೂತಳು. ತಾಮ್ರದ ಶಿಲುಬೆ ಒಂದೇ ಇತ್ತು. ಅದನ್ನು ಯಾವ ಗುಪ್ಪೆಗೂ ಇಡಲಾಗಲಿಲ್ಲ. ವಾಪಸು ತಂದಳು.

ಊರಿಗೆ ಬಂದವಳೇ ನೇರ ನಿಫೊಂತ್ ಹಿರಿಯರ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಹಿರಿಯರು ಕಣ್ಣೊರೆಸಿಕೊಂಡು, ಬರುವ ಶನಿವಾರವೇ ಫಿಲಾತನಿಗೆ ಓದೋಣ ಅಂದರು.

"ಫಿಲಾತನಿಗೆ, ಮತ್ತೆ ಅವರ ಜೊತೆ ಇರೋ ಇಬ್ಬರಿಗೆ," ಅಂದಳು ಉಲಿತಾ.

"ಅದು ಹೇಗಾಗತ್ತೆ ತಾಯಿ? ಅವರ ಹೆಸರು ಗೊತ್ತಿಲ್ಲ. ಮತ ಗೊತ್ತಿಲ್ಲ. ಲೋಕದವರ ಹೆಸರು ನಮ್ಮ ಪ್ರಾರ್ಥನೆ ಮನೇಲಿ ಓದೋ ಹಾಗಿಲ್ಲ. ನಿನಗೆ ನಾನು ಹೇಳ್ಕೊಡಬೇಕಾ ಇದನ್ನ?"

"ಯಾವ ಗುಪ್ಪೆ ಯಾರ್ದು ಅಂತ ನನಗೆ ಗೊತ್ತಿಲ್ಲ ಹಿರಿಯರೇ. ನಿಮಗೂ ಗೊತ್ತಿಲ್ಲ. ಒಬ್ಬರನ್ನ ಹೊರಗಿಟ್ರೆ ಅವರೇ ನಮ್ಮನೆಯವರಾಗಿದ್ರೆ? ಒಂದ್ಸಲ ಹೊರಗಿಟ್ಟಿದೀನಿ. ಇನ್ನೊಂದ್ಸಲ ಆಗಲ್ಲ."

"ನಿಯಮ ನಾನು ಮಾಡಿದ್ದಲ್ಲ, ಉಲಿತಾ."

"ಹಾಗಾದ್ರೆ ನಮ್ಮನೆಯವರ ಹೆಸರೂ ಬೇಡ. ಮೂವರಿಗೂ ಇಲ್ಲಾಂದ್ರೆ ಒಬ್ಬರಿಗೂ ಬೇಡ."

ಊರು ಬೆರಗಾಯಿತು. ಯಾವುದಕ್ಕಾಗಿ ಎರಡು ವರ್ಷ ಕಾದಳೋ, ಕೈಗೆ ಬಂದಾಗ ಅದನ್ನೇ ಬಿಟ್ಟುಕೊಟ್ಟಳು. ತಲೆ ಕೆಟ್ಟಿದೆ ಅಂದವರೂ ಇದ್ದರು. ನಿಫೊಂತ್ ಕಲ್ಲೆದೆಯವರು ಅಂತ ಯಾರೂ ಹೇಳಲಾರರು. ಆ ನಿಯಮಗಳಿಗಾಗಿ ಮನೆಮಠ ಬಿಟ್ಟು ಬಂದವರ ಮಕ್ಕಳು ನಾವು, ಅವರು ಸಡಿಲಿಸಲಿಲ್ಲ. ಅವಳೂ ಸಡಿಲಿಸಲಿಲ್ಲ. ಹದಿನಾರು ವರ್ಷ ನಮ್ಮ ಪ್ರಾರ್ಥನೆ ಮನೆಯಲ್ಲಿ ಫಿಲಾತನ ಹೆಸರು ಬರಲಿಲ್ಲ. ಶನಿವಾರ ಮಿಂದ ಮೇಲೆ ಉಲಿತಾ ಚರ್ಮದ ಜಪಪಟ್ಟಿ ಹಿಡಿದು ದಡಕ್ಕೆ ಹೋಗುತ್ತಿದ್ದಳು. ಆಚೆ ದಡ ಕಾಣುವುದಿಲ್ಲ, ಆದರೂ ಆ ಕಡೆಗೆ ಮುಖ ಮಾಡಿ ಒಬ್ಬೊಬ್ಬನಿಗೂ ಪಟ್ಟಿಯ ಒಂದೊಂದು ಸುತ್ತು ಎಣಿಸುತ್ತ ಬಾಗುತ್ತಿದ್ದಳು, ಮೂರು ಸುತ್ತು. ಮಂಡಿ ನೋವು ಜಾಸ್ತಿಯಾದ ಮೇಲೆ ಮಗುಚಿಹಾಕಿದ ದೋಣಿಯೊಂದನ್ನು ಹಿಡಿದುಕೊಂಡು ಬಾಗುತ್ತಿದ್ದಳು.

ವರ್ಷಕ್ಕೊಮ್ಮೆ ಅವಳು ಆ ಗುಪ್ಪೆಗಳಿಗೆ ಹೋಗಿಬರುತ್ತಿದ್ದಳು, ಅದರ ಅಪ್ಪಣೆ ಚೀಟಿ ಕೊಡಲು ಕಾಲ್ಯು ಬರುತ್ತಿದ್ದ. ಮೊದಲ ಸಲ ಆಚೆ ದಡದಿಂದ ಮರಳಿದ ವರ್ಷ ಅವನು ಬಂದಾಗ ಅವಳು ಫಿಲಾತನ ಬಟ್ಟಲಿಗೆ ಚಹಾ ಬಗ್ಗಿಸಿ ಅವನ ಮುಂದಿಟ್ಟಳು. ಅವನಿಗೆ ಏನೂ ತಿಳಿಯಲಿಲ್ಲ, ಸಕ್ಕರೆ ಹರಳು ಕಚ್ಚಿಕೊಂಡು ಕುಡಿದ. ತೈಸಿಯಾ ಮಾತ್ರ ಒಲೆಯ ಕಡೆ ತಿರುಗಿ ನಿಂತಳು. ನೀಲಿ ಅಂಚಿನ ಬಟ್ಟಲು ಆಮೇಲೆ ಮೊಟ್ಟೆ ಇಡುವುದಕ್ಕಾಯಿತು.

ಉಲಿತಾ ಎಪ್ಪತ್ತಾರನೆಯ ವಯಸ್ಸಿಗೆ, ಈರುಳ್ಳಿ ನೆಡುವ ಕಾಲದಲ್ಲಿ ಹೋದಳು. ಹೋಗುವ ಮುಂಚೆ ಮಗಳನ್ನು ಕರೆದು ತನ್ನ ಗಂಟು ತೋರಿಸಿದಳು. ಬಿಳಿ ಬಟ್ಟೆಯ ಮಡಿಕೆಯಲ್ಲಿ ಅವಳು ಬಚ್ಚಲಿಗೆ ಹಾಕಿಕೊಳ್ಳುತ್ತಿದ್ದ ಮರದ ಶಿಲುಬೆ ಇತ್ತು.

"ನನ್ನ ತಾಮ್ರ ತೆಗೆದುಬಿಡು. ಇದನ್ನ ಹಾಕಿ ಕಳ್ಸು."

"ಅಮ್ಮಾ, ಹಾಗೆಲ್ಲ ಮಾಡಕ್ಕಾಗತ್ತಾ? ಹಿರಿಯರು ಏನಂತಾರೆ?"

"ಅಲ್ಲಿ ಬಾಗಿಲಲ್ಲಿ ಕುತ್ತಿಗೆ ನೋಡಿ ಒಳಗೆ ಬಿಡೋದಾದ್ರೆ, ನಿಮ್ಮಪ್ಪನ್ನ ಬಿಟ್ಟಿರಲ್ಲ. ನನ್ನ ಒಬ್ಬಳನ್ನೇ ಬಿಟ್ರೆ ನಾನು ಅಲ್ಲಿ ಏನು ಮಾಡ್ಲಿ? ನಾನೂ ಹೊರಗೇ ಅವರ ಜೊತೆ ನಿಂತಿರ್ತೀನಿ. ಮೂವರಿದಾರೆ, ನಾಲ್ಕಾಗ್ತೀವಿ."

ತೈಸಿಯಾ ಅಳುತ್ತಲೇ ಹಾಗೆ ಮಾಡಿದಳು. ಅವಳ ತಾಮ್ರವನ್ನೂ ಫಿಲಾತನ ತಾಮ್ರವನ್ನೂ ಬಚ್ಚಲಮನೆಯ ಆ ಎರಡು ಮೊಳೆಗಳಿಗೆ ಹಾಕಿ ಬಂದಳು.

ಪೆಟ್ಟಿಗೆ ಮುಚ್ಚುವ ಮುಂಚೆ ನಿಫೊಂತ್ ಹಿರಿಯರು ಬಾಗಿ ನೋಡಿದರು. ಆಗ ಅವರಿಗೆ ಎಂಬತ್ತಮೂರು, ಕಣ್ಣು ಮಂಜು. ಬೆರಳಿನಿಂದ ಮುಟ್ಟಿ ನೋಡಿ ಮರ ಅಂತ ತಿಳಿದುಕೊಂಡರು. ತೈಸಿಯಾಳ ಮುಖ ನೋಡಿದರು. ಪುಸ್ತಕ ತೆರೆದು ಉಲಿತಾಳ ಹೆಸರು ಓದಿದರು. ಆಮೇಲೆ, ಅವನು ಹೋಗಿ ಹದಿನೆಂಟು ವರ್ಷದ ಮೇಲೆ, ಫಿಲಾತನ ಹೆಸರು ಓದಿದರು. ಮುಂದಿನ ಸಾಲಿಗೆ ಹೋಗಲಿಲ್ಲ. ಪುಸ್ತಕದ ಮೇಲೆ ಕೈಯಿಟ್ಟು, ಎರಡು ಹೆಸರು ಹೇಳಲು ಹಿಡಿಯುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತರು, ಒಂದೊಂದಕ್ಕೂ ಒಮ್ಮೆ ತಲೆ ಬಾಗಿದರು. ನಾವೂ ಬಾಗಿದೆವು. ಆಮೇಲೆ ಮಣ್ಣು ಹಾಕಿದೆವು.